ಕಾರು ಊರೊಳಗೆ ಬಿಟ್ಟು ನಡೆದು ಬನ್ನಿ

ನಿನ್ನೆಯಿಂದ ಒಂದು ಸಿಟ್ಟು ಹೊಟ್ಟೆಯೊಳಗೇ ಕೂತಿದೆ. ಬರೆದೇ ತೀರಬೇಕು.

ಬೆಲ್ಜಿಯಂನ ಬೋರ್ಗ್‌ಲೋನ್ ಊರಾಚೆ, ಹಣ್ಣಿನ ತೋಟಗಳ ನಡುವೆ ಇರೋ ಉಕ್ಕಿನ ಚರ್ಚ್ (ಪ್ರಾರ್ಥನೆಗಲ್ಲ, ಚರ್ಚಿನ ಆಕಾರದ ಕಲಾಕೃತಿ) ಬಗ್ಗೆ ಮೊದಲೂ ಬರೆದಿದ್ದೀನಿ, ಹಳಬರಿಗೆ ನೆನಪಿರುತ್ತೆ. ನಿನ್ನೆ ನಮ್ಮ ಕಡೆಯ ಪರಿಚಯದವರ ಒಂದು ಗುಂಪನ್ನು ಅಲ್ಲಿಗೆ ಕರಕೊಂಡು ಹೋಗಿದ್ದೆ. ಪೇರ್ ಮರಗಳು ಮೈತುಂಬ ಬಿಳಿ ಹೂ ಬಿಟ್ಟಿದ್ದವು. ಎಲ್ಲರೂ ನಿಲ್ಲೋ ಜಾಗದಲ್ಲೇ ನಿಂತರು, ಫೋಟೊ ತೆಗೆದರು, "ಇಷ್ಟೇನಾ?" ಅಂದರು, ಕಾರು ಹತ್ತಿದರು.

ಇಷ್ಟೇ ಅಲ್ಲ ಸ್ವಾಮಿ!

ಪೀಟರ್‌ಯಾನ್ ಗೈಸ್, ಆರ್ನೌಟ್ ವಾನ್ ವಾರೆನ್‌ಬರ್ಗ್ ಅನ್ನೋ ಇಬ್ಬರು ವಾಸ್ತುಶಿಲ್ಪಿಗಳು 2011ರಲ್ಲಿ ಕಟ್ಟಿದ್ದು ಇದು. ಆ ಸೀಮೆಯ ಹಳ್ಳಿ ಚರ್ಚೇ ಇದಕ್ಕೆ ಮಾದರಿ. 10 ಮೀಟರ್ ಎತ್ತರ, 30 ಟನ್ ಉಕ್ಕು. ಇಟ್ಟಿಗೆ ಗಾರೆ ಏನೂ ಇಲ್ಲ. ಉಕ್ಕಿನ ಹಲಗೆಗಳನ್ನು ಅಡ್ಡಡ್ಡ ಮಲಗಿಸಿ, ನಡುನಡುವೆ ಗೇಣುದ್ದವೂ ಇಲ್ಲದ ಕಂಬಗಳನ್ನು ಕೊಟ್ಟು ಪೇರಿಸುತ್ತಾ ಹೋಗಿದ್ದಾರೆ. 100 ಪದರ, 2000 ಪುಟ್ಟ ಕಂಬ. ಕಟ್ಟಡದ ಉಕ್ಕಿನ ಲೆಕ್ಕ ಹಾಕಿಯೇ ಅನ್ನ ತಿನ್ನೋನು ನಾನು. ಆದರೂ ಅಲ್ಲಿಗೆ ಹೋದರೆ ಲೆಕ್ಕ ಮರೆತುಹೋಗುತ್ತೆ.

ಯಾಕೆ ಅಂದ್ರೆ ಅದನ್ನು ನೋಡೋಕೆ ನಡೀಬೇಕು. ಸಂದುಗಳು ಕಣ್ಣಿನ ಮಟ್ಟಕ್ಕೆ ಬಂದ ಕಡೆ ಗೋಡೆ ಕರಗಿ ಆಚೆಯ ಮರ, ಆಕಾಶ ಕಾಣುತ್ತೆ. ಹತ್ತಿರ ಹೋಗಿ ಕತ್ತೆತ್ತಿದರೆ ಸಂದೆಲ್ಲ ಮುಚ್ಚಿಕೊಂಡು ಅದೇ ಗೋಡೆ ಗಟ್ಟಿಯಾಗುತ್ತೆ. ಒಳಗೆ ನಿಂತರೆ ಇಡೀ ಬಯಲು ಗೆರೆಗೆರೆಯಾಗಿ ಸೀಳಿಕೊಂಡು ಕಾಣುತ್ತೆ. ಇದರಲ್ಲಿ ಯಾವುದು ಒಂದು ಫೋಟೊಗೆ ಸಿಗುತ್ತೆ, ಹೇಳಿ?

ರಾತ್ರಿ ಗೆಳೆಯನೊಬ್ಬನ ಮೆಸೇಜು: "ದುಡ್ಡಿರೋ ದೇಶದ ಶೋಕಿ ಕಣೋ. ಮಳೆ ಬಂದ್ರೆ ನಿಲ್ಲೋಕಾಗಲ್ಲ, ಪ್ರಾರ್ಥನೆ ಇಲ್ಲ. ಯಾಕ್ ಬೇಕು?" ನೋಡಪ್ಪಾ, ಇಲ್ಲಿ ಛಾವಣಿ ಇರೋ ಚರ್ಚಿಗೇನೂ ಕೊರತೆ ಇಲ್ಲ. ಒಳಗೆ ಕೂರೋ ಜನ ಕಡಿಮೆಯಾಗಿದ್ದಾರೆ. ಖಾಲಿ ಬಿದ್ದ ಚರ್ಚುಗಳನ್ನು ಏನು ಮಾಡೋದು ಅಂತ ಬೆಲ್ಜಿಯಂನ ಉತ್ತರ ಭಾಗವಾದ ಫ್ಲಾಂಡರ್ಸ್‌ನ ಎಷ್ಟೋ ಹಳ್ಳಿಗಳು ತಲೆ ಕೆಡಿಸಿಕೊಂಡಿವೆ. ಆ ಪ್ರಶ್ನೆಯನ್ನೇ ಈ ವಾಸ್ತುಶಿಲ್ಪಿಗಳು ತಂದು ಬಯಲಲ್ಲಿ ನಿಲ್ಲಿಸಿದ್ದಾರೆ. ಅದನ್ನು ಶೋಕಿ ಅಂದರೆ ನಾನು ಒಪ್ಪಲ್ಲ, ಯಾವತ್ತೂ ಒಪ್ಪಲ್ಲ.

ಇನ್ನೊಂದು ಮಾತು, ಇದನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪ ಹೋದ ಮೇಲೆ ನನಗೆ ಯಾವ ಗುಡಿಯೊಳಗೂ ನೆಮ್ಮದಿಯಾಗಿ ನಿಲ್ಲೋಕಾಗಿಲ್ಲ. ಇಲ್ಲಿ ಆಗುತ್ತೆ. ಗಾಳಿ ಗೋಡೆಯೊಳಗಿಂದಲೇ ಹಾದುಹೋಗುತ್ತೆ, ಯಾರೂ ಏನೂ ಕೇಳಲ್ಲ. ಅದಕ್ಕೇ ಆ "ಇಷ್ಟೇನಾ" ಅಷ್ಟು ಚುಚ್ಚಿತು.

ಮುಂದೆ ಬರೋರಿಗೆ ಈಗಲೇ ಹೇಳಿಬಿಡ್ತೀನಿ. ಕಾರು ಊರೊಳಗೇ ಬಿಡಿ, ತೋಟದ ದಾರಿ ಹಿಡಿದು ಬನ್ನಿ. ಟಿಕೆಟ್ ಇಲ್ಲ, ಬೀಗ ಇಲ್ಲ. ಮೊದಲು ಪೂರ್ತಿ ಒಂದು ಸುತ್ತು ಹಾಕಿ, ಆಮೇಲೆ ಒಳಗೆ ಹೋಗಿ ನಿಲ್ಲಿ. ಫೋಟೊ ಕೊನೆಗೆ.