ದನಿ ಏರಿಸುವ ಪೆಟ್ಟಿಗೆ

ಮುಂಬಯಿಯಲ್ಲಿ ನೆಟ್ ಹೋದರೆ ಸಿಗುವ ಸಲಹೆ ಒಂದೇ: "ಬಂದ್ ಮಾಡಿ ಚಾಲೂ ಮಾಡಿ." ಮುಲುಂಡಿನ ನಮ್ಮ ಸೊಸೈಟಿಯಲ್ಲಿ ವಾಚ್‌ಮನ್‌ನಿಂದ ಚೇರ್‌ಮನ್‌ವರೆಗೆ ಇದನ್ನು ಹೇಳದವರಿಲ್ಲ. ಸಲಹೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಸ್ವಿಚ್ಚಿಗೆ ಕೈ ಹಾಕುವ ಮೊದಲು, ಟಿ.ವಿ. ಕೇಬಲ್ಲಿನಿಂದ ನೆಟ್ ತರುವ ಮೋಡೆಮ್ ಎಂಬ ಆ ಪೆಟ್ಟಿಗೆಯ ಬತ್ತಿಗಳನ್ನು ಒಮ್ಮೆ ನೋಡಿದರೆ ಯಾರ ಗಂಟೇನು ಹೋಗುತ್ತದೆ?

ಕೇಬಲ್ ಮೋಡೆಮ್‌ಗಳು ಪಾಲಿಸುವ ಡಾಕ್ಸಿಸ್ ಎಂಬ ಮಾನದಂಡ 1997ರಲ್ಲಿ ಹುಟ್ಟಿದ್ದು. ಅಂದಿನಿಂದ ವೇಗ ಎಷ್ಟೋ ಪಟ್ಟು ಹೆಚ್ಚಿದರೂ ಕ್ರಮ ಹೆಚ್ಚು ಬದಲಾಗಿಲ್ಲ. ಕರೆಂಟು ಸಿಕ್ಕಿದೊಡನೆ ಮೋಡೆಮ್ ಟಿ.ವಿ. ಚಾನೆಲ್‌ಗಳು ಹರಿಯುವ ಅದೇ ತಂತಿಯಲ್ಲಿ ತನಗೆ ಬೇಕಾದ ಆವರ್ತನವನ್ನು ಹುಡುಕುತ್ತದೆ. ಸಿಕ್ಕಿತೆಂದರೆ ಡೌನ್‌ಸ್ಟ್ರೀಮ್, ಅಂದರೆ ಒಳಬರುವ ಸಂಕೇತದ, ಬತ್ತಿ ಮಿನುಗುವುದನ್ನು ಬಿಟ್ಟು ಸ್ಥಿರವಾಗುತ್ತದೆ. ಇಷ್ಟು ಹೊತ್ತು ಬರಿಯ ಕೇಳುವ ಕೆಲಸ, ಇನ್ನು ಮಾತನಾಡಬೇಕು.

ನನಗೆ ಬಹಳ ಇಷ್ಟವಾದ ಘಟ್ಟ ಇದೇ. ಮೋಡೆಮ್ ಮೊದಲು ಮೆಲ್ಲಗೆ ಕರೆಯುತ್ತದೆ. ಕೇಬಲ್ ಕಂಪನಿಯ ಯಂತ್ರ ಓಗೊಡದಿದ್ದರೆ ಇನ್ನಷ್ಟು ಜೋರಾಗಿ, ಮತ್ತೂ ಜೋರಾಗಿ ಕರೆಯುತ್ತದೆ. ಕಿವಿ ಮಂದವಾದ ಅಜ್ಜನೊಡನೆ ನಾವು ಮಾತನಾಡುವ ಹಾಗೆ. ಕೇಳಿಸಿದ ಮೇಲೆ ಎಷ್ಟು ದನಿ ಸಾಕೆಂದು ಆ ಯಂತ್ರವೇ ತಿಳಿಸುತ್ತದೆ. ಅನೇಕ ಮೋಡೆಮ್‌ಗಳಲ್ಲಿ ಬ್ರೌಸರಿನಲ್ಲಿ 192.168.100.1 ಎಂದು ಬರೆದರೆ ಈ ದನಿಯ ಅಳತೆ ಸಂಕೇತದ ಬಲವನ್ನು ಅಳೆಯುವ ಡಿಬಿಎಂವಿ ಲೆಕ್ಕದಲ್ಲಿ ಕಾಣಿಸುತ್ತದೆ. ಒಳಬರುವ ಸಂಕೇತ ಸೊನ್ನೆಯ ಆಚೀಚೆ ಏಳರೊಳಗೆ ಇದ್ದರೆ ಕ್ಷೇಮ. ಹೊರಹೋಗುವುದು, ಅಂದರೆ ಅಪ್‌ಸ್ಟ್ರೀಮ್, 40ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. 50 ದಾಟಿತೆಂದರೆ ಬಡಪಾಯಿ ಗಂಟಲು ಹರಿದುಕೊಳ್ಳುತ್ತಿದೆ ಎಂದರ್ಥ. ಅಂಕ ಹೆಚ್ಚಾದಷ್ಟೂ ಜಾಣ ಎಂದು ಮಕ್ಕಳನ್ನು ಬೆಳೆಸಿದವರಿಗೆ ಇದನ್ನು ಒಪ್ಪಿಸುವುದು ಕಷ್ಟ.

ಇಂಥ ಹೊತ್ತಿನಲ್ಲಿ ದೋಷ ಸಾಮಾನ್ಯವಾಗಿ ಪೆಟ್ಟಿಗೆಯದಲ್ಲ, ತಂತಿಯದು. ಎರಡನೆಯ ಟಿ.ವಿ.ಗೆಂದು ಹಾಕಿಸಿದ ಸ್ಪ್ಲಿಟರ್ ಒಂದೊಂದು ಕವಲಿನಲ್ಲೂ ಸುಮಾರು 3.5 ಡೆಸಿಬೆಲ್ ನುಂಗುತ್ತದೆ, ಅಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ. ಉಳಿದ ಕಥೆಯೆಲ್ಲ ಗಚ್ಚಿಯ ಮೇಲೆ. ಜೂನ್‌ನಲ್ಲಿ ಮಳೆ ಹಿಡಿದರೆ ಸಡಿಲವಾದ ಕನೆಕ್ಟರಿನೊಳಗೆ ನೀರು ಇಳಿದು ತುಕ್ಕು ಕಟ್ಟುತ್ತದೆ. ಸ್ವಿಚ್ ಆರಿಸಿ ಹಾಕಿದರೆ ಮೋಡೆಮ್‌ನೊಳಗಿನ ಗೊಂದಲ ತೊಲಗಬಹುದು, ಕೆಲವೊಮ್ಮೆ ಅಷ್ಟೇ ಸಾಕೂ ಆಗುತ್ತದೆ. ಆದರೆ ನಾಲ್ಕು ಮಾಳಿಗೆ ಮೇಲಿರುವ ತುಕ್ಕಿಗೆ ನಮ್ಮ ಸ್ವಿಚ್ಚಿನ ಹಂಗಿಲ್ಲ.

ಆದ್ದರಿಂದ ಕೇಬಲ್‌ವಾಲಾನಿಗೆ ಫೋನ್ ಮಾಡಿದಾಗ "ನೆಟ್ ಇಲ್ಲ" ಎಂದು ಗೋಳಾಡದೆ, "ಅಪ್‌ಸ್ಟ್ರೀಮ್ ಬತ್ತಿ ಮಿನುಗುತ್ತಲೇ ಇದೆ, ಪವರ್ 52 ತೋರಿಸುತ್ತಿದೆ" ಎನ್ನಬೇಕು. ಆ ಕಡೆ ಒಂದು ಕ್ಷಣ ಸದ್ದಡಗುತ್ತದೆ. ಆಮೇಲೆ ಅವನು ಕೆಲಸದ ಪ್ರಶ್ನೆ ಕೇಳುತ್ತಾನೆ: ಗಚ್ಚಿಯ ಬೀಗದ ಕೈ ಯಾರ ಹತ್ತಿರ ಇದೆ? ನಮ್ಮಲ್ಲಿ ಅದು ಸೆಕ್ರೆಟರಿಯವರ ಹತ್ತಿರ ಇರುತ್ತದೆ. ಅವರು ನಾಗರಪಂಚಮಿಗೆಂದು ಕಾರ್ಕಳಕ್ಕೆ ಹೋಗಿದ್ದಾರೆ.