ಮನೆ ತುಂಬ ಜನ ಅಂತ ಬರೆದದ್ದೇ ತೊಡಕಾಯಿತು

“ನಿಮ್ಮ ಮನೆಗೆ ವಾರಕ್ಕೆ ಎಷ್ಟು ಜನ ಬಂದುಹೋಗುತ್ತಾರೆ?” ಅಂತ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು. ನಾನು ಹೆಚ್ಚು ಯೋಚಿಸಲಿಲ್ಲ. “ಶನಿವಾರ, ಭಾನುವಾರ ಮನೆ ತುಂಬ ಜನ. ಮಕ್ಕಳೂ ಇರುತ್ತಾರೆ. ನಮ್ಮಲ್ಲಿ ಯಾರು ಬಂದರೂ ಸಂತೋಷವೇ” ಎಂದು ಬರೆದೆ. ಬರೆಯುವಾಗ ಒಳಗೊಳಗೇ ಹೆಮ್ಮೆಯೂ ಇತ್ತು. ಇಷ್ಟು ಜನರ ಪ್ರೀತಿ ಸಿಗುವ ಮನೆ ಯಾವ ಬೆಕ್ಕಿಗೆ ಬೇಡ? ಎರಡು ದಿನ ಬಿಟ್ಟು ಬೆಕ್ಕುಗಳ ಶೆಲ್ಟರ್‌ನಿಂದ ಫೋನ್ ಬಂತು. ಅಲ್ಲಿಯ ಹೆಂಗಸು ತುಂಬ ಮೆತ್ತಗೆ ಹೇಳಿದರು: ನೀವು ಕೇಳಿದ ಬೆಕ್ಕಿಗೆ ನಿಮ್ಮ ಮನೆ ಹೊಂದುವುದು ಕಷ್ಟ, ಅವಳಿಗೆ ಜನ ಅಂದರೆ ಭಯ.

ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷವಾಯಿತು. ಬಾಡಿಗೆ ಮನೆ ಸಿಗದೇ ಹೋದದ್ದಿದೆ, ಕೆಲಸ ತಪ್ಪಿದ್ದಿದೆ. ಮನೆಗೆ ಜನ ಬರುತ್ತಾರೆ ಅನ್ನುವ ಕಾರಣಕ್ಕೆ ಯಾರೂ ಬೇಡ ಅಂದಿರಲಿಲ್ಲ. ಆ ಮಾತು ನನಗೆ ಚುಚ್ಚಿತು. ಅಮ್ಮನಿಗೆ ಹೇಳಿದರೆ, “ಒಂದು ಬೆಕ್ಕು ಕೊಡೋಕೆ ಇಷ್ಟೊಂದಾ? ಹೆಣ್ಣು ಕೊಡುವಾಗಲೂ ಇಷ್ಟು ವಿಚಾರಿಸಲ್ಲ ಕಣೋ” ಅಂದಳು. ಬಿಟ್ಟುಬಿಡೋಣ ಅಂತಲೇ ಇದ್ದೆ. ನನ್ನ ಹೆಂಡತಿ ಬಿಡಲಿಲ್ಲ. “ಒಂದ್ಸಲ ಹೋಗಿ ನೋಡಿ ಬರೋಣ ರೀ, ಯಾಕೆ ಬೇಡ ಅಂದರು ಅಂತಾದರೂ ತಿಳಿಯುತ್ತೆ” ಅಂದಳು.

ಹೋದ ಮೇಲೆ ತಿಳಿಯಿತು. ಗಾಜಿನ ಬಾಗಿಲಿನ ಒಂದು ಪುಟ್ಟ ಕೋಣೆ. ಒಳಗೆ ಮೆತ್ತನೆಯ ಹಾಸಿಗೆ ಇದೆ, ಬೆಚ್ಚಗಿನ ಪ್ಯಾಡ್ ಇದೆ, ಹತ್ತಿ ಕೂರಲು ಹಲಗೆ ಇದೆ. ಬೆಕ್ಕು ಮಾತ್ರ ಮೂಲೆಯ ಪೆಟ್ಟಿಗೆಯೊಳಗೆ ನೆಲಕ್ಕೆ ಅಂಟಿಕೊಂಡು ಕೂತಿತ್ತು. ಕಪ್ಪು ಮೈ ಮೇಲೆ ಕಿತ್ತಳೆ ಬಣ್ಣದ ಕಲೆಗಳು. ಕಿವಿ ಎರಡೂ ಪಕ್ಕಕ್ಕೆ ಚಪ್ಪಟೆಯಾಗಿದ್ದವು. ಕಣ್ಣಿನ ಪಾಪೆ ಎಷ್ಟು ಹಿಗ್ಗಿತ್ತೆಂದರೆ ಕಣ್ಣೆಲ್ಲ ಕಪ್ಪೇ ಕಾಣುತ್ತಿತ್ತು. ಬಾಲ ಮೈಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಉಸಿರು ಮಾತ್ರ ಬೇಗಬೇಗ ಆಡುತ್ತಿತ್ತು, ಮಿಕ್ಕಂತೆ ಒಂದು ಮೀಸೆಯೂ ಅಲುಗಲಿಲ್ಲ. ನಾನಾಗಿದ್ದರೆ “ಎಷ್ಟು ಸಾಧು ಬೆಕ್ಕು” ಅಂತ ಹೇಳಿಬಿಡುತ್ತಿದ್ದೆ. ಶೆಲ್ಟರಿನ ಆ ಹೆಂಗಸು ಹೇಳಿದರು: ಇದು ಸಾಧುತನ ಅಲ್ಲ, ಭಯದಲ್ಲಿ ಮರಗಟ್ಟಿರುವುದು.

ಅವಳ ಹೆಸರು ಮೇಬಲ್. ಒಂಬತ್ತು ವರ್ಷ. ಸಾಕಿದ ಅಜ್ಜಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿದಾಗ ಇವಳು ಶೆಲ್ಟರಿಗೆ ಬಂದವಳು, ಬಂದು ನಾಲ್ಕು ತಿಂಗಳಾಗಿತ್ತು. ನೋಡಲು ಬಂದವರೆಲ್ಲ ಬಾಗಿಲಿಗೆ ಬಂದು ಮೈ ಉಜ್ಜುವ ಬೆಕ್ಕನ್ನು ಆರಿಸಿಕೊಂಡು ಹೋಗುತ್ತಾರೆ. ಪೆಟ್ಟಿಗೆಯೊಳಗೆ ಅಡಗಿದ್ದು ಉಳಿಯುತ್ತದೆ, ಉಳಿದಷ್ಟೂ ಇನ್ನಷ್ಟು ಅಡಗುತ್ತದೆ.

ಬೆಕ್ಕಿನ ಹೆದರಿಕೆಯನ್ನು ಅಳೆಯಲು ಏಳು ಮೆಟ್ಟಿಲುಗಳ ಒಂದು ಪಟ್ಟಿ ಇದೆ. 1997ರಲ್ಲಿ ಕೆಸ್ಲರ್ ಮತ್ತು ಟರ್ನರ್ ಎಂಬಿಬ್ಬರು ಪ್ರಕಟಿಸಿದ್ದು. ಹೊಟ್ಟೆ, ಕಾಲು, ಬಾಲ, ಕಿವಿ, ಕಣ್ಣಿನ ಪಾಪೆ ಹೇಗಿವೆ ಎಂದು ನೋಡಿ ಅಂಕ ಕೊಡುತ್ತಾರೆ. ಆಕೆ ಅದನ್ನು ವಿವರಿಸುತ್ತಿದ್ದರೆ ನನಗೆ ನಾಚಿಕೆಯಾಯಿತು. ಹತ್ತು ಹದಿನೈದು ಬೆಕ್ಕುಗಳ ಜೊತೆ ಬೆಳೆದವನು ನಾನು. ಒಂದು ಬೆಕ್ಕಿನ ಕಿವಿ ಯಾವ ಕಡೆ ತಿರುಗಿದೆ ಅಂತ ಒಂದು ದಿನವೂ ನೋಡಿದವನಲ್ಲ.

ಕಾರಿನಲ್ಲಿ ಮನೆಗೆ ಬರುವಾಗ ಒಂದು ಹಳೆಯ ವಿಷಯ ನೆನಪಾಯಿತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಗೆಳೆಯನ ಮನೆಯಿಂದ ಒಂದು ಬಿಳಿ ಮರಿ ತಂದೆ. ಚೀಲದಿಂದ ಹೊರಗೆ ಬಿಟ್ಟ ಕೂಡಲೇ ಅದು ಸೌದೆ ರಾಶಿಯ ಹಿಂದೆ ಸೇರಿಕೊಂಡಿತು. ನಾವು ಸುಮ್ಮನಿರುತ್ತೇವಾ? ಕೇರಿಯ ಮಕ್ಕಳೆಲ್ಲ ಸೇರಿ ಕೋಲು ಹಾಕಿ ಎಳೆದೆವು. ಒಬ್ಬರ ಕೈಯಿಂದ ಒಬ್ಬರ ಕೈಗೆ. ಒಬ್ಬ ಹಾಲಿನ ಬಟ್ಟಲಿಗೆ ಅದರ ಮೂತಿ ಅದ್ದಿದ, ಇನ್ನೊಬ್ಬಳು ಕುತ್ತಿಗೆಗೆ ರಿಬ್ಬನ್ ಕಟ್ಟಿದಳು. ರಾತ್ರಿ ಅದು ಮತ್ತೆ ಸೌದೆಯ ಹಿಂದೆ, ಬೆಳಗ್ಗೆ ಮತ್ತೆ ನಮ್ಮ ಕೈಯಲ್ಲಿ. ನಮ್ಮಲ್ಲಿ ಯಾರಿಗೂ ಅದರ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ. ಮೂರನೆಯ ದಿನ ಮರಿ ಕಾಣಲಿಲ್ಲ, ಆಮೇಲೂ ಸಿಗಲಿಲ್ಲ. ನಾನು ಅಳುತ್ತಾ ಕೂತಾಗ ಅಜ್ಜಿ ತಲೆ ಸವರಿ, “ಋಣ ಇರಲಿಲ್ಲ ಮಗಾ” ಅಂದರು.

ಆ ‘ಋಣ’ದ ಮಾತನ್ನು ನಾನು ಮೂವತ್ತು ವರ್ಷ ನಂಬಿದ್ದೆ. ಋಣ ಇರಲಿಲ್ಲ ಅಂದುಬಿಟ್ಟರೆ ನಾವೇನು ಮಾಡಿದೆವು ಅಂತ ಯಾರೂ ಕೇಳಬೇಕಿಲ್ಲ. ಇಲ್ಲಿ ಅದನ್ನೇ ಮೊದಲು ಕೇಳುತ್ತಾರೆ.

ನನಗೆ ದೊಡ್ಡ ವ್ಯತ್ಯಾಸ ಕಾಣುವುದು ಇದರಲ್ಲೇ. ಹೆದರಿದವರನ್ನು ಒಬ್ಬರೇ ಇರಲು ಬಿಡಬಾರದು ಅನ್ನೋದು ನಮ್ಮ ರಕ್ತದಲ್ಲಿದೆ. ಹೊಸ ಸೊಸೆ ಕೋಣೆಯಲ್ಲಿ ಒಬ್ಬಳೇ ಕೂತರೆ ಹತ್ತು ಜನ ಹೋಗಿ ಮಾತಾಡಿಸುತ್ತಾರೆ. ಹುಷಾರಿಲ್ಲದವರ ಹಾಸಿಗೆಯ ಸುತ್ತ ನೆಂಟರು ತುಂಬಿರುತ್ತಾರೆ. ಇಲ್ಲಿ ಅಡಗಿಕೊಳ್ಳುವುದು ಬೆಕ್ಕಿನ ಹಕ್ಕು. ಅದಕ್ಕೆಂದೇ ಪೆಟ್ಟಿಗೆ ಇಡುತ್ತಾರೆ. ನೆದರ್‌ಲ್ಯಾಂಡ್ಸಿನ ಒಂದು ಶೆಲ್ಟರಿನಲ್ಲಿ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಪೆಟ್ಟಿಗೆ ಕೊಟ್ಟು, 9ಕ್ಕೆ ಕೊಡದೆ ನೋಡಿದರಂತೆ. 2014ರಲ್ಲಿ ಪ್ರಕಟವಾದ ಅಧ್ಯಯನ ಅದು. ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಮೂರು ನಾಲ್ಕನೇ ದಿನಕ್ಕೇ ಉಳಿದವಕ್ಕಿಂತ ನಿರಾಳವಾಗಿದ್ದವು. ನಮ್ಮ ಸೌದೆ ರಾಶಿ ಆ ಬಿಳಿ ಮರಿಗೆ ಅಂಥದೇ ಪೆಟ್ಟಿಗೆಯಾಗಿತ್ತು. ನಾವು ಕೋಲು ಹಾಕಿದೆವು.

ನಾವು ಮತ್ತೆ ಶೆಲ್ಟರಿಗೆ ಹೋದೆವು, ಆಮೇಲೆ ಇನ್ನೂ ಎರಡು ಸಲ. ಮನೆಯ ಹಿಂಬದಿಯ ಚಿಕ್ಕ ರೂಮು ಪೂರ್ತಿ ಅವಳಿಗೇ, ಒಂದು ತಿಂಗಳು ಯಾರನ್ನೂ ಕರೆಯುವುದಿಲ್ಲ ಅಂತ ಒಪ್ಪಿಕೊಂಡೆವು. ಒಬ್ಬರು ಮನೆಗೆ ಬಂದು ರೂಮು ನೋಡಿ ಹೋದರು. ಮೇಬಲ್ ಮಲಗುತ್ತಿದ್ದ ಕಂಬಳಿಯನ್ನು ಒಗೆಯದೆ ಹಾಗೇ ಕೊಟ್ಟರು, ಅವಳದೇ ವಾಸನೆ ಇರಲಿ ಅಂತ. ಊಟದ ಬಟ್ಟಲು ಒಂದು ಕಡೆ, ಮಲಮೂತ್ರಕ್ಕೆ ಇಡುವ ಲಿಟರ್ ಟ್ರೇ ಅದರಿಂದ ದೂರ ಇನ್ನೊಂದು ಕಡೆ. ಗುರುತಿಗೆಂದು ಚರ್ಮದ ಕೆಳಗೆ ಇಡುವ ಮೈಕ್ರೋಚಿಪ್ ಮೊದಲೇ ಹಾಕಿತ್ತು. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕಿದ ಬೆಕ್ಕಿಗೆ 20 ವಾರ ತುಂಬುವುದರೊಳಗೆ ಚಿಪ್ ಹಾಕಿಸುವುದು ಕಡ್ಡಾಯ, ತಪ್ಪಿದರೆ 500 ಪೌಂಡ್‌ವರೆಗೆ ದಂಡ.

ಮೊದಲ ದಿನ ಅವಳು ಏನೂ ತಿನ್ನಲಿಲ್ಲ. ಎರಡನೇ ದಿನವೂ ಇಲ್ಲ. ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ ಅಂತ ಎಚ್ಚರಿಸಿದ್ದರು. ನಾನು ಗಾಬರಿಯಾಗಿ ಫೋನ್ ಮಾಡಿದೆ. ಮೀನಿನ ವಾಸನೆಯ ಮೆತ್ತನೆ ಆಹಾರ ಸ್ವಲ್ಪ ಬಿಸಿ ಮಾಡಿ ಪೆಟ್ಟಿಗೆಯ ಹತ್ತಿರ ಇಟ್ಟು ಹೊರಗೆ ಬನ್ನಿ, ನಾಳೆ ಬೆಳಗ್ಗೆಯೂ ಮುಟ್ಟದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಅಂದರು. ಬೆಳಗ್ಗೆ ಬಟ್ಟಲಿನ ಅಂಚು ಮಾತ್ರ ನೆಕ್ಕಿತ್ತು. ಅದನ್ನು ನೋಡಿ ನನ್ನ ಮಗಳು ಕುಣಿದಳು.

ಆಮೇಲೆ ದಿನಾ ಸಂಜೆ ನಾನು ಆ ರೂಮಿನಲ್ಲಿ ಬೆಕ್ಕಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತು, ಫೋನಿನಲ್ಲಿ ಕನ್ನಡ ಪೇಪರ್ ಓದುತ್ತಿದ್ದೆ. ದನಿ ಪರಿಚಯವಾಗಲಿ ಅಂತ ಗಟ್ಟಿಯಾಗಿ. ಅಣೆಕಟ್ಟಿನ ನೀರಿನ ಮಟ್ಟ, ಮಳೆ, ವರ್ಗಾವಣೆ, ಎಲ್ಲವನ್ನೂ ಓದಿದೆ. ಹನ್ನೆರಡನೇ ಸಂಜೆ ಹಿಂದೆ ಏನೋ ಸರಿದಾಡಿತು. ತಿರುಗಲಿಲ್ಲ. ಅಂಗೈಯಷ್ಟು ದೂರದಲ್ಲಿ ಬಂದು ಕೂತಿದ್ದಾಳೆ ಅಂತ ನೆಲದ ಮೇಲಿನ ನೆರಳಿನಿಂದ ಗೊತ್ತಾಯಿತು. ನಿಧಾನಕ್ಕೆ ಮುಖ ತಿರುಗಿಸಿ, ಕಣ್ಣನ್ನು ಅರ್ಧ ಮುಚ್ಚಿ, ಪೂರ್ತಿ ಮುಚ್ಚಿ, ತೆರೆದೆ. ಹಾಗೆ ಮೆಲ್ಲಗೆ ಕಣ್ಣು ಮಿಟುಕಿಸಿದರೆ ಬೆಕ್ಕು ನಮ್ಮನ್ನು ನಂಬುತ್ತದೆ ಅಂತ ಶೆಲ್ಟರಿನವರು ಹೇಳಿಕೊಟ್ಟಿದ್ದರು. ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪ್ರಯೋಗ ಮಾಡಿಯೂ ತೋರಿಸಿದ್ದಾರೆ. ಮೇಬಲ್ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಅವಳ ಕಣ್ಣೂ ಕಿರಿದಾಯಿತು, ಮುಚ್ಚಿತು, ತೆರೆಯಿತು. ಪಾಪೆ ಸಣ್ಣಗಾಗಿ ಸುತ್ತಲಿನ ಹಸಿರು ಅವತ್ತೇ ಮೊದಲು ಕಂಡದ್ದು.

ಅಮ್ಮನಿಗೆ ಇದ್ಯಾವುದೂ ಒಪ್ಪಿಗೆಯಾಗಲಿಲ್ಲ. ವಿಡಿಯೋ ಕಾಲಿನಲ್ಲಿ ನೋಡಿ, “ಪಾಪ, ಮೂಕಜೀವ. ಕೋಣೇಲಿ ಕೂಡಿಹಾಕಿದ್ದೀಯಲ್ಲೋ. ಎತ್ಕೊಂಡು ನಾಲ್ಕು ದಿನ ಮುದ್ದು ಮಾಡಿದ್ರೆ ತಾನೇ ಹೊಂದ್ಕೊಳ್ಳುತ್ತೆ” ಅಂದಳು. ಸೌದೆ ರಾಶಿಯ ಮರಿಯನ್ನು ನೆನಪಿಸಿದೆ. ಅವಳಿಗೆ ನೆನಪೇ ಇರಲಿಲ್ಲ.

ಊರಿನ ಮೇಲೆ ನನಗೆ ಸಿಟ್ಟು ಬರುವುದು ಇಂಥ ಕಡೆಯೇ. ಕಾಟ ಕೊಡುವ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆ ದಾಟಿಸಿ ಬಿಟ್ಟು ಬರುವವರು ಕಟುಕರೇನಲ್ಲ. ನಮ್ಮ ಮಾವಂದಿರೇ, ಪಕ್ಕದ ಮನೆಯವರೇ. ಅನ್ನ ನೀರು ಸಿಗದ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಅದು ಹೇಳುವ ದಂಡ ಹತ್ತರಿಂದ ಐವತ್ತು ರೂಪಾಯಿ. ಕಾಯಿದೆಯೇ ಇಷ್ಟು ಹಗುರವಾಗಿ ತೆಗೆದುಕೊಂಡಿದ್ದನ್ನು ಮನೆಯವರು ಗಂಭೀರವಾಗಿ ತೆಗೆದುಕೊಳ್ಳಲಿ ಅಂದರೆ ಹೇಗೆ? ಹೆದರಿದ ಜೀವಕ್ಕೆ ಒಂದು ರೂಮು, ಒಂದು ಪೆಟ್ಟಿಗೆ, ಒಂದು ತಿಂಗಳು ಕೊಡಿ ಅಂತ ನಮ್ಮಲ್ಲಿ ಹೇಳಿದರೆ ‘ಬೆಕ್ಕಿಗಾ?’ ಅನ್ನುತ್ತಾರೆ. ಬೆಕ್ಕಿಗೇ. ಈ ವಿಷಯದಲ್ಲಿ ಇಲ್ಲಿಯವರೇ ಸರಿ, ನಾವು ಕಲಿಯಬೇಕು.

ಆದರೂ ಒಂದು ಮಾತನ್ನು ಬರೆಯದೇ ಇದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಮೇಬಲ್‌ಳ ಅಜ್ಜಿ ಒಂದೇ ಬೀದಿಯಲ್ಲಿ ಮೂವತ್ತು ವರ್ಷ ಇದ್ದರಂತೆ. ಅವರನ್ನು ಕರೆದೊಯ್ದ ದಿನ ಅಕ್ಕಪಕ್ಕದವರು ಯಾರೂ ಬೆಕ್ಕನ್ನು ಇಟ್ಟುಕೊಳ್ಳಲಿಲ್ಲ. ಕೆಟ್ಟವರು ಅಂತಲ್ಲ, ಅವರಲ್ಲಿ ಯಾರೂ ಆ ಮನೆಯ ಒಳಗೆ ಕಾಲಿಟ್ಟವರಲ್ಲ, ಬೆಕ್ಕು ಯಾರನ್ನೂ ಕಂಡದ್ದಿಲ್ಲ. ನಮ್ಮ ಕೇರಿಯಲ್ಲಿ ಒಬ್ಬ ಮುದುಕಿ ಹೋದರೆ ಅವಳ ಬೆಕ್ಕು ಮಾರನೇ ದಿನ ಪಕ್ಕದ ಜಗಲಿಯಲ್ಲಿ ಮಲಗಿರುತ್ತಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಷ್ಟು ಜನರ ಕೈಯಲ್ಲಿ ಬೆಳೆದ ಬೆಕ್ಕು ಜನರನ್ನು ಕಂಡು ಮರಗಟ್ಟುತ್ತಲೂ ಇರಲಿಲ್ಲವೇನೋ.

ಇಲ್ಲಿಗೆ ಬಂದ ಮೊದಲ ಚಳಿಗಾಲ ನನಗೂ ಹೀಗೇ ಆಗಿತ್ತು. ಆಫೀಸಿನವರು, ಮನೆ ಪಕ್ಕದವರು ತುಂಬ ಮರ್ಯಾದೆಯಿಂದ ನನ್ನನ್ನು ನನ್ನ ಪಾಡಿಗೆ ಬಿಟ್ಟರು. ಕ್ರಿಸ್‌ಮಸ್ ರಜೆಯ ಒಂಬತ್ತು ದಿನ ಅಂಗಡಿಯವನ ಹೊರತು ಯಾರ ಜೊತೆಯೂ ಮಾತಾಡಲಿಲ್ಲ. ಯಾರಾದರೂ ಬಾಗಿಲು ಬಡಿದು, ಕೈ ಹಿಡಿದು ಎಳೆದುಕೊಂಡು ಹೋಗಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ. ಶನಿವಾರ ಭಾನುವಾರ ಮನೆ ತುಂಬ ಜನರನ್ನು ಸೇರಿಸುವ ಅಭ್ಯಾಸ ಶುರುವಾದದ್ದೇ ಅದರ ಮರುವರ್ಷ.

ಈಗ ಏಳು ತಿಂಗಳಾಯಿತು. ಜನ ಮತ್ತೆ ಬರುತ್ತಿದ್ದಾರೆ, ಮೊದಲಿಗಿಂತ ಕಡಿಮೆ, ಮೊದಲಿಗಿಂತ ಮೆಲ್ಲಗೆ. ಬಾಗಿಲ ಬೆಲ್ ಆದರೆ ಮೇಬಲ್ ಮಹಡಿಗೆ ಓಡುತ್ತಾಳೆ, ಹಿಂದಿನ ರೂಮಿನ ಬಾಗಿಲು ಅವಳಿಗೆಂದು ತೆರೆದೇ ಇರುತ್ತದೆ. ಹೋದ ಶನಿವಾರ ಆರು ಜನ ಇದ್ದರು. ಊಟ ಮುಗಿದು ಮಾತಾಡುತ್ತಾ ಕೂತಿದ್ದಾಗ ಮಗಳು ನನ್ನ ತೋಳು ಜಗ್ಗಿದಳು. ಮೆಟ್ಟಿಲ ಮೇಲೆ, ಕೆಳಗಿನಿಂದ ಮೂರನೆಯದರಲ್ಲಿ, ಮುಂಗಾಲು ಜೋಡಿಸಿ ಕೂತಿದ್ದಾಳೆ. ಒಂದು ಕಿವಿ ನಮ್ಮ ಕಡೆ, ಒಂದು ಕಿವಿ ಹಿಂದಕ್ಕೆ. ಗೆಳೆಯ ಎದ್ದು “ಬಾ ಬಾ” ಅಂತ ಕೈ ಚಾಚಲು ಹೋದ. ಅವನ ಅಂಗಿ ಹಿಡಿದು ಕೂರಿಸಿದೆ. ನಾವು ಮಾತು ಮುಂದುವರಿಸಿದೆವು, ಅವಳು ಕೇಳುತ್ತಾ ಕೂತಳು.