ಮುಖ ಮೊದಲು, ಸೇತುವೆ ಆಮೇಲೆ

ಕೇಂದ್ರಕ್ಕೂ ಕರ್ನಾಟಕಕ್ಕೂ ಯಾವುದರಲ್ಲೂ ಹೊಂದಾಣಿಕೆ ಇಲ್ಲ ಅಂತ ಕೊರಗುವವರಿಗೆ ಒಂದು ಸಮಾಧಾನದ ಸುದ್ದಿ ಇದೆ. ತೆರಿಗೆ ಪಾಲಿಗೆ ಜಗಳ, ಬರ ಪರಿಹಾರಕ್ಕೆ ಜಗಳ, ಮಹದಾಯಿಗೆ ಜಗಳ, ಎಲ್ಲಾ ನಿಜ. ಆದರೆ ಒಮ್ಮೆ ಸುಪ್ರೀಂ ಕೋರ್ಟಿನಲ್ಲಿ ದೆಹಲಿಯ ಬಿಜೆಪಿ ಸರ್ಕಾರವೂ ಬೆಂಗಳೂರಿನ ಕಾಂಗ್ರೆಸ್ ಸರ್ಕಾರವೂ ಒಂದೇ ಕಡೆ ನಿಂತಿದ್ದವು. ಪಶ್ಚಿಮ ಬಂಗಾಳ, ತಮಿಳುನಾಡು ಕೂಡ ಜೊತೆಗಿದ್ದವು. ಎಲ್ಲರ ಅಹವಾಲೂ ಒಂದೇ: ಸ್ವಾಮಿ, ನಮ್ಮ ಫೋಟೊ ನಮಗೆ ವಾಪಸ್ ಕೊಡಿಸಿ.

ಆಗಿದ್ದಿಷ್ಟು. ಸರ್ಕಾರಿ ಜಾಹೀರಾತಿನಲ್ಲಿ ಅಧಿಕಾರದಲ್ಲಿರುವವರ ಪೈಕಿ ರಾಷ್ಟ್ರಪತಿ, ಪ್ರಧಾನಿ ಮತ್ತು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯವರ ಫೋಟೊ ಮಾತ್ರ ಇರಲಿ ಎಂದು 2015ರ ಮೇ 13ರಂದು ಕೋರ್ಟು ಹೇಳಿತು. ಜನರ ದುಡ್ಡಿನಲ್ಲಿ ವ್ಯಕ್ತಿಪೂಜೆ ಬೇಡ ಅನ್ನುವುದು ಅದರ ಕಾಳಜಿ. ಪಾಪ, ಮುಖ್ಯಮಂತ್ರಿಗಳ ಪಾಡು ಯಾರಿಗೂ ಬೇಡ. ಅಕ್ಕಿ ಕೊಡಬೇಕು, ಹಾಲು ಕೊಡಬೇಕು, ಮುಖ ಮಾತ್ರ ತೋರಿಸಬಾರದು! ಪ್ರಧಾನಿ ಅಂದರೆ ಸಮಾನರಲ್ಲಿ ಮೊದಲಿಗರು ತಾನೇ, ಅವರಿಗೆ ಇರುವ ಭಾಗ್ಯ ಉಳಿದ ಮಂತ್ರಿಗಳಿಗೂ ಇರಲಿ ಎಂದು ಕೇಂದ್ರವೇ ವಾದಿಸಿತು. 2016ರ ಮಾರ್ಚ್ 18ರಂದು ಕೋರ್ಟು ಮನಸ್ಸು ಬದಲಿಸಿತು. ರಾಜ್ಯಪಾಲರು, ಮುಖ್ಯಮಂತ್ರಿಗಳು, ಆಯಾ ಇಲಾಖೆಯ ಮಂತ್ರಿಗಳು ಮತ್ತೆ ಪುಟಕ್ಕೆ ಬಂದರು. ಆ ತೀರ್ಪು ಕಾನೂನು ಪುಸ್ತಕದಲ್ಲಿ ‘ಕರ್ನಾಟಕ ರಾಜ್ಯ ವಿರುದ್ಧ ಕಾಮನ್ ಕಾಸ್’ (ಮೊದಲು ಕೋರ್ಟಿಗೆ ಹೋಗಿದ್ದ ಸ್ವಯಂಸೇವಾ ಸಂಸ್ಥೆಯ ಹೆಸರದು) ಎಂದೇ ದಾಖಲಾಗಿದೆ. ನೆಲ, ಜಲದ ಕೇಸುಗಳಲ್ಲಿ ವರ್ಷಗಟ್ಟಲೆ ಅಲೆಯುವ ನಾವು ಮುಖದ ಕೇಸನ್ನು ಹತ್ತೇ ತಿಂಗಳಲ್ಲಿ ಗೆದ್ದೆವು.

ಹೀಗೆ ಗೆದ್ದ ಹಕ್ಕನ್ನು ಹೇಗೆ ಬಳಸಿಕೊಳ್ಳುತ್ತಿದ್ದೇವೆ ಅನ್ನುವುದನ್ನು ಬೆಳಗಿನ ಪೇಪರಿನಲ್ಲೇ ನೋಡಬಹುದು. ಸೇತುವೆ ಉದ್ಘಾಟನೆಯ ಪುಟಪೂರ್ತಿ ಜಾಹೀರಾತು ಅಂದುಕೊಳ್ಳಿ. ದೊಡ್ಡ ಸಾಹೇಬರು ಕೈಮುಗಿದು ಅರ್ಧ ಪುಟ ತುಂಬಿದ್ದಾರೆ. ಅವರ ಪಕ್ಕದವರು ಒಂದು ಬೆರಳಿನಷ್ಟು ಗಿಡ್ಡ. ಆ ಒಂದು ಬೆರಳಿಗೆ ಒಳಗೊಳಗೇ ಎಷ್ಟು ಮಾತುಕತೆ ನಡೆದಿರುತ್ತದೋ, ದೇವರೇ ಬಲ್ಲ. ಕೆಳಗೆ ಮಂತ್ರಿಗಳು, ಸಂಸದರು, ಶಾಸಕರು ಶಿಷ್ಟಾಚಾರದ ಪ್ರಕಾರ ಪಾಸ್‌ಪೋರ್ಟ್ ಸೈಜಿನಲ್ಲಿ ಸಾಲಾಗಿ ನಿಂತಿದ್ದಾರೆ. ‘ಘನ ಉಪಸ್ಥಿತಿ’ ಯಾರದ್ದು, ‘ಗೌರವ ಉಪಸ್ಥಿತಿ’ ಯಾರದ್ದು ಎಂದು ಒಂದಕ್ಷರ ತಪ್ಪದೆ ಅಚ್ಚಾಗಿದೆ. ಸೇತುವೆ ಎಲ್ಲಿ? ಬಲಗಡೆ ಮೂಲೆಯಲ್ಲಿ, ಸಾಹೇಬರ ಮೊಣಕೈ ಹಿಂದೆ, ಅರ್ಧ. ಉಳಿದರ್ಧ ಇನ್ನೂ ಕಟ್ಟಿರಲಿಕ್ಕಿಲ್ಲ ಬಿಡಿ.

ಪೇಪರಿನ ಜಾಹೀರಾತಿಗೆ ಒಂದು ಕೊರತೆ ಇತ್ತು. ಓದುವವನು ಹೊರಗೇ ಉಳಿಯುತ್ತಿದ್ದ. 2023ರಲ್ಲಿ ಕೇಂದ್ರ ಅದನ್ನೂ ನೀಗಿಸಿತು. ರೈಲ್ವೆ ಸ್ಟೇಷನ್ನುಗಳಲ್ಲಿ ಪ್ರಧಾನಿಯವರ ಚಿತ್ರವಿರುವ ಸೆಲ್ಫಿ ಬೂತುಗಳು ಎದ್ದು ನಿಂತವು. ನೀವೇ ಹೋಗಿ ಪಕ್ಕ ನಿಲ್ಲಿ, ನಿಮ್ಮದೇ ಫೋನಿನಲ್ಲಿ ಕ್ಲಿಕ್ಕಿಸಿ, ನಿಮ್ಮದೇ ಡೇಟಾದಲ್ಲಿ ಊರಿಗೆಲ್ಲಾ ಹಂಚಿ. ಪ್ರಚಾರದ ಕೂಲಿಯೂ ಉಳಿಯಿತು. ಕಾಲೇಜು ಹುಡುಗರು ತಪ್ಪಿಸಿಕೊಂಡಾರು ಎಂದು ಯುಜಿಸಿ ಕೂಡ ಕ್ಯಾಂಪಸ್ಸುಗಳಲ್ಲಿ ಸೆಲ್ಫಿ ಪಾಯಿಂಟ್ ಮಾಡಿ ಎಂದು ಪತ್ರ ಬರೆಯಿತು. ಮೇಷ್ಟ್ರ ಹುದ್ದೆ ಖಾಲಿ ಇದ್ದರೂ ನಡೆಯುತ್ತದೆ, ಗೋಡೆ ಖಾಲಿ ಇರಬಾರದು.

ಅಷ್ಟರಲ್ಲಿ ಯಾರೋ ಒಬ್ಬರು ಸುಮ್ನೆ ಇರಲಾರದೆ ಇದಕ್ಕೆ ಎಷ್ಟು ಖರ್ಚಾಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿಬಿಟ್ಟರು. ಮಧ್ಯ ರೈಲ್ವೆ (ನಮ್ಮ ಕಲಬುರಗಿ ಸ್ಟೇಷನ್ ಇರುವುದೂ ಈ ವಲಯದಲ್ಲೇ) ಅಷ್ಟೇ ಮುಗ್ಧವಾಗಿ ಲೆಕ್ಕ ಕೊಟ್ಟಿತು. ತಾತ್ಕಾಲಿಕ ಬೂತಿಗೆ 1.25 ಲಕ್ಷ ರೂಪಾಯಿ, ಕಾಯಂ ಬೂತಿಗೆ 6.25 ಲಕ್ಷ ರೂಪಾಯಿ, ತೆರಿಗೆ ಬೇರೆ. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಆ ವಲಯದ ಮುಖ್ಯ ಸಾರ್ವಜನಿಕ ಸಂಪರ್ಕಾಧಿಕಾರಿಗೆ ವರ್ಗಾವಣೆ ಆದೇಶ ಬಂತು. ಕಾರಣ ಏನೂ ಹೇಳಲಿಲ್ಲ. ರೈಲ್ವೆಯಲ್ಲಿ ಟೈಮಿಗೆ ಸರಿಯಾಗಿ ಏನೂ ಬರುವುದಿಲ್ಲ ಅನ್ನುವವರು ಇದನ್ನು ಗಮನಿಸಬೇಕು. ಇನ್ನು ಮುಂದೆ ಇಂಥ ಅರ್ಜಿಗಳಿಗೆ ಉತ್ತರ ಕಳಿಸುವ ಮೊದಲು ದೊಡ್ಡ ಅಧಿಕಾರಿಗಳ ಒಪ್ಪಿಗೆ ಪಡೆಯಿರಿ ಎಂಬ ಸೂಚನೆಯೂ ಹೊರಟಿತು. ಫೋಟೊ ಎಲ್ಲರಿಗೂ ಕಾಣಲಿ, ಬಿಲ್ಲು ಯಾಕೆ ಕಾಣಬೇಕು, ಅಲ್ವಾ?

ಇಷ್ಟಾದರೂ ಈ ಮುಖಗಳಿಗೆ ಒಂದು ರಜೆ ಇದೆ, ಚುನಾವಣಾ ನೀತಿ ಸಂಹಿತೆ. 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಕೋವಿಡ್ ಲಸಿಕೆ ಸರ್ಟಿಫಿಕೇಟಿನಿಂದಲೂ ಪ್ರಧಾನಿಯವರ ಚಿತ್ರ ಮಾಯವಾಗಿತ್ತು. ನಮ್ಮ ಬಸ್ ಸ್ಟಾಪುಗಳ ಕಥೆಯೂ ಅದೇ. ‘ಮಾನ್ಯ ಶಾಸಕರ ಅನುದಾನದಲ್ಲಿ’ ಎಂದು ಬರೆದಿರುವ ಶೆಲ್ಟರಿಗೆ ನಗರಸಭೆಯವರು ಹಳೇ ಪೇಪರು, ಗೋಂದಿನ ಡಬ್ಬ ಹಿಡಿದು ಬರುತ್ತಾರೆ. ಮಾನ್ಯರ ಮುಖಕ್ಕೆ ಕಾಗದ ಮೆತ್ತಿಕೊಳ್ಳುತ್ತದೆ. ಅವರ ನಗು ಮುಚ್ಚಿದ ಮೇಲೆ, ಶೆಲ್ಟರಿಗೆ ಸೀಟಿಲ್ಲ, ಮಳೆ ಒಳಗೇ ಬೀಳುತ್ತದೆ ಅನ್ನುವುದು ಮೊದಲ ಸಲ ಕಣ್ಣಿಗೆ ಬೀಳುತ್ತದೆ.

ಏಣಿ ಮೇಲಿನವನು ಕೇಳುತ್ತಾನೆ: ‘ಸಾರ್, ಗಟ್ಟಿಯಾಗಿ ಅಂಟಿಸ್ಲಾ?’

ಕೆಳಗಿದ್ದ ಇನ್‌ಸ್ಪೆಕ್ಟರು ಅನುಭವಸ್ಥರು. ‘ಬೇಡ ಮಾರಾಯ. ರಿಸಲ್ಟ್ ದಿನ ಮಧ್ಯಾಹ್ನಕ್ಕೆ ಕಿತ್ತುಬರೋ ಹಾಗಿರಲಿ.’